ಹಸಿ ಪಾಲಿಶಿನ ಮೇಲೆ ಕುಂಕುಮ

ಹೊಸ ಸಾಮಾನಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಬದುಕುವ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಅಕ್ಕನ ಮನೆಗೆ ಹೋಗಿ ನೋಡಬೇಕು ನೀವು. ಸಿದ್ಧಾರ್ಥನಗರದಲ್ಲಿ ಒಳ್ಳೆಯ ಮನೆ, ಗಾಳಿ ಬೆಳಕಿಗೆ ಕೊರತೆಯಿಲ್ಲ. ಆದರೆ ಫ್ರಿಜ್ಜಿನ ಬಾಗಿಲಿಗೆ ಕಂಪನಿಯವರು ಅಂಟಿಸಿದ ಹಾಳೆ ಇವತ್ತಿಗೂ ಹಾಗೇ ಇದೆ. ಅಂಚು ಸುರುಳಿ ಸುತ್ತಿಕೊಂಡು ಅದರೊಳಗೆ ಎಣ್ಣೆ ಜಿಡ್ಡು, ತಲೆಗೂದಲು, ಸತ್ತ ಇರುವೆ. ಸೋಫಾದ ಮೇಲೆ ಕೂತರೆ ಬೆವರಿಗೆ ತೊಡೆ ಅಂಟಿಕೊಂಡು ಏಳುವಾಗ ಪರ್ ಎನ್ನುತ್ತದೆ. ಟಿವಿ ರಿಮೋಟಿಗೂ ಒಂದು ಕವರು, ಅದರ ಮೇಲೆ ಸಾರಿನ ಬೆರಳಚ್ಚು. ಥೂ. ಕೇಳಿದರೆ ಹೊಸದು ಹೊಸದಾಗೇ ಇರಲಿ ಎನ್ನುತ್ತಾಳೆ. ಆ ಹಾಳೆ ಇರುವುದು ಲಾರಿಯಲ್ಲಿ ಬರುವಾಗ ಗೀಚು ಬೀಳದಿರಲಿ ಎಂದು, ಮನೆಗೆ ಬಂದ ಮೇಲೆ ಅದು ಕಸ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ನನ್ನ ಕಸುಬೇ ಪಾಲಿಶು. ಅಶೋಕಪುರಂನ ಒಂದು ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಬೀಟೆ ಮರಕ್ಕೆ ಮೆರುಗು ಕೊಡುತ್ತಿದ್ದೇನೆ. ಹಚ್ಚಿದ ಪದರ ಒಣಗಿದೆಯೋ ಇಲ್ಲವೋ ಎಂಬುದನ್ನು ಕಣ್ಣು ಮುಚ್ಚಿಕೊಂಡು ಉಗುರಿನಲ್ಲೇ ಹೇಳಬಲ್ಲೆ. ಜಂಬ ಎಂದುಕೊಂಡರೆ ಅಂದುಕೊಳ್ಳಿ.

ಹೋದ ವರ್ಷ ಭಾವ, ಅಂದರೆ ಈ ಅಕ್ಕನ ಗಂಡ, ನಿವೃತ್ತರಾದ ಮೇಲೆ ಮನೆಗೆ ಒಂದು ಪಿನ್‌ಬಾಲ್ ಯಂತ್ರ ತರಿಸಿದರು. ಕಾಲುಗಳ ಮೇಲೆ ಓರೆಯಾಗಿ ನಿಂತ ಪೆಟ್ಟಿಗೆ, ಮೇಲೆ ಗಾಜು, ಒಳಗೆ ಬಣ್ಣದ ಚಿತ್ರವಿರುವ ಹಲಗೆ. ಉಕ್ಕಿನ ಗುಂಡೊಂದು ಆ ಹಲಗೆಯ ಮೇಲೆ ಉರುಳಿ ಬರುತ್ತದೆ. ಅದು ಕೆಳಗೆ ಬಿದ್ದುಹೋಗದಂತೆ ಬದಿಯ ಬಟನ್ ಒತ್ತಿ, ಎರಡು ಪುಟ್ಟ ಕೈಗಳಿಂದ ಹೊಡೆದು ಮೇಲಕ್ಕೆ ಅಟ್ಟಬೇಕು. ಮದುವೆಗೆ ಮುಂಚೆ ಮುಂಬೈಯಲ್ಲಿದ್ದಾಗ ಭಾವ ಅದನ್ನು ಆಡುತ್ತಿದ್ದರಂತೆ. ಮಕ್ಕಳ ಓದು, ಮದುವೆ, ಮನೆ ಎಲ್ಲ ಮುಗಿಸಿ, ತಮಗೆಂದು ಆಸೆಪಟ್ಟು ಅವರು ಕೊಂಡದ್ದು ಅದೊಂದನ್ನೇ.

ಮಾರಿದವರದ್ದು ಎಂಥ ಹಲ್ಕಾ ಷರತ್ತು ನೋಡಿ. ಹಲಗೆಗೆ ಅಂಟಿಸಿದ ಹಾಳೆ ಕಿತ್ತರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಕೀಳದೆ ಒಂದು ವಾರದೊಳಗೆ ದೂರು ಹೇಳಿದರೆ ಬೇರೆ ಕೊಡುತ್ತಾರೆ. ಆ ಮಸುಕು ಹಾಳೆ ಕೀಳದೆ ಅಡಿಯಲ್ಲಿ ಏನಿದೆ ಎಂದು ಕಾಣುವುದು ಹೇಗೆ? ಅದಕ್ಕೇ ಭಾವ ನನಗೆ ಫೋನ್ ಮಾಡಿದರು. ಪೂಜೆಗೆ ಮುಂಚೆ ಬಂದು ಒಂದು ಸಲ ಕೈಯಾಡಿಸು, ನೀನು ಬೇಡ ಅಂದರೆ ಇವತ್ತೇ ಕಳಿಸಿಬಿಡುತ್ತೇನೆ, ಪೂಜೆ ಆದ ವಸ್ತುವನ್ನು ಹೊಸ್ತಿಲು ದಾಟಿಸಲು ನಿಮ್ಮಕ್ಕ ಬಿಡುವುದಿಲ್ಲ ಎಂದರು.

ಹೋದೆ. ಹಜಾರದ ತುಂಬ ಅಕ್ಕಪಕ್ಕದ ಮನೆಯವರು. ಭಾವ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಗಾಜು ತೆಗೆದಿಟ್ಟು ಕಾಯುತ್ತಿದ್ದರು. ಹಲಗೆಯ ಮೇಲೆ ಹುಲಿಯ ಚಿತ್ರ. ಕೆಳತುದಿಯಲ್ಲಿ ಹಾಳೆ ಎರಡು ಬೆರಳಗಲ ಗಿಡ್ಡವಾಗಿತ್ತು. ಅಲ್ಲಿ ಉಗುರಿಟ್ಟು ಒತ್ತಿದೆ. ಗುರುತು ಮೂಡಿತು, ಮೂಡಿದ್ದು ಹಾಗೇ ಉಳಿಯಿತು. ಬಗ್ಗಿ ಮೂಸಿದರೆ ಥಿನ್ನರ್ ವಾಸನೆ ಮೂಗಿಗೆ ಹೊಡೆಯಿತು. ಹಸಿ ಪಾಲಿಶು. ಒಣಗುವ ಮೊದಲೇ ಹಾಳೆ ಅಂಟಿಸಿ, ಡಬ್ಬಕ್ಕೆ ತುಂಬಿ ಸಾಗಹಾಕಿದ್ದರು. ಇಷ್ಟು ದೊಡ್ಡ ಯಂತ್ರ ಮಾಡುವವರಿಗೆ ನಾಲ್ಕು ದಿನ ಕಾಯುವ ಯೋಗ್ಯತೆ ಇಲ್ಲ. ನಮ್ಮ ಶೆಡ್ಡಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವರ ಕೈಯಿಂದ ಪಾಲಿಶಿನ ಬಟ್ಟೆ ಕಿತ್ತುಕೊಂಡು ಮನೆಗೆ ಕಳಿಸುತ್ತಿದ್ದೆ.

ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಅಕ್ಕ ಆರತಿ ತಟ್ಟೆ ಹಿಡಿದು ಬಂದಳು. ಒಳಗಿನಿಂದ ಹೋಳಿಗೆಯ ವಾಸನೆ. ಎಲ್ಲರ ಕಣ್ಣೂ ನನ್ನ ಮೇಲೆ.

‘ಎಂಗದೆ ಕಣಯ್ಯ? ಪರವಾಗಿಲ್ವಾ?’ ಎಂದರು ಭಾವ.

‘ಚೆನ್ನಾಗದೆ ಭಾವ,’ ಅಂದುಬಿಟ್ಟೆ.

ಯಾಕೆ ಹಾಗಂದೆ? ಹಚ್ಚಿದ ಆರತಿಯ ಮುಂದೆ ನಿಂತು ಬೇಡ ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ. ಒಳ್ಳೆಯ ಗಳಿಗೆಯಲ್ಲಿ ಅಪಶಕುನ ನುಡಿದ ಎನಿಸಿಕೊಳ್ಳುವುದು ಬೇಡವಾಗಿತ್ತು. ಜನ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಅಕ್ಕ ನೀರಲ್ಲಿ ಕಲಸಿದ ಕುಂಕುಮವನ್ನು ಗಾಜಿಗೆ ಹಚ್ಚಿದಳು. ಸಾಲದು ಎಂದು ಹಲಗೆಗೂ, ಹಾಳೆ ಇಲ್ಲದ ಆ ಕೆಳತುದಿಯಲ್ಲೇ, ಮೂರು ಬೆರಳಿನಿಂದ ಬಳಿದಳು. ನಾನು ನೋಡುತ್ತ ನಿಂತಿದ್ದೆ. ಆಮೇಲೆ ಹೋಳಿಗೆ ತಿಂದೆ. ಜನ ಹೋದರು, ನಾನೂ ಹೊರಟು ಬಂದೆ.

ವಾರವಿಡೀ ಭಾವ ದಿನಕ್ಕೊಂದು ಸಲ ಫೋನ್ ಮಾಡುತ್ತಿದ್ದರು. ಇವತ್ತು ಇಷ್ಟು ಹೊತ್ತು ಗುಂಡು ಬೀಳಿಸದೆ ಆಡಿದೆ, ಕೈಗೆ ಹಳೆಯ ಚುರುಕು ಬರುತ್ತಿದೆ ಎಂದು ಹೇಳುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ಏಳು ದಿನ ಕಳೆದೆ.

ಅಕ್ಕ ಹಾಳೆ ಕೀಳಲು ಬಿಟ್ಟಿರಲಿಲ್ಲ. ಹಾಳೆ ಅಲ್ಲಲ್ಲಿ ಗುಳ್ಳೆ ಎದ್ದು ಗುಂಡು ತಡೆದು ನಿಲ್ಲತೊಡಗಿತು. ಒಂಬತ್ತನೆಯ ದಿನ ಭಾವ ರೇಗಿ, ಬಾ, ನೀನೇ ಕೀಳು ಎಂದು ನನ್ನನ್ನು ಕರೆಸಿದರು. ಒಂದು ಮೂಲೆ ಹಿಡಿದು ಮೆಲ್ಲಗೆ ಎತ್ತಿದೆ. ಹಾಳೆಯ ಜೊತೆ ಹುಲಿಯ ಅರ್ಧ ಮುಖವೇ ಎದ್ದು ಬಂತು. ಉಳಿದ ಮೈಯೆಲ್ಲ ಹಾಲಿನ ಕೆನೆಯಂತೆ ಸುಕ್ಕು. ಗುಂಡು ಬಡಿದ ಕಡೆಯೆಲ್ಲ ಕುಳಿ. ಕೆಳಗೆ ಕುಂಕುಮ ಪಾಲಿಶಿನೊಳಕ್ಕೆ ಇಳಿದು, ಹಾಳೆಯ ಅಡಿಗೂ ತೆವಳಿ, ಕೆತ್ತಿಕೊಂಡ ಗಾಯದ ಹಾಗೆ ಕಾಣುತ್ತಿತ್ತು. ಬೆರಳಿಗೆಲ್ಲ ಅಂಟು.

ಭಾವ ಕಿತ್ತು ಬಂದ ಹುಲಿಯ ಕಣ್ಣನ್ನು ಮತ್ತೆ ಹಲಗೆಗೆ ಅಂಟಿಸುವವರಂತೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಮಾರಿದವರಿಗೆ ಫೋನ್ ಮಾಡಿದರು. ವಾರ ಮುಗಿದಿದೆ, ಹಾಳೆಯನ್ನೂ ಕಿತ್ತಿದ್ದೀರಿ ಎಂದು ಅವರ ವಾದ. ಬಂದ ದಿನವೇ ಯಾರಿಗಾದರೂ ತೋರಿಸಬಾರದಿತ್ತೇ ಎಂದು ಆ ಕಡೆಯವನು ಕೇಳಿದ. ಭಾವ ನನ್ನ ಕಡೆ ನೋಡಿದರು.

‘ತೋರಿಸಿದ್ದೆ ಕಣ್ರೀ. ನಮ್ಮ ಭಾಮೈದ ಮೂವತ್ತು ವರ್ಷದಿಂದ ಇದೇ ಕೆಲಸ ಮಾಡೋನು. ಅವನ ಕೈಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ನಿಮಗೆ ಎಂಗೆ ಗೊತ್ತಾಗ್ತದೆ, ಬುಡಿ.’

ಫೋನ್ ಇಟ್ಟು ನನ್ನ ಬೆನ್ನಿನ ಮೇಲೆ ಕೈಯಿಟ್ಟರು. ನೀನು ಬೇಜಾರು ಮಾಡಿಕೊಳ್ಳಬೇಡ, ನಿನ್ನದೇನೂ ತಪ್ಪಿಲ್ಲ ಎಂದರು. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ. ಮನೆಯಲ್ಲಿ ನಾವು ಮೂರೇ ಜನ, ಆರತಿ ಇಲ್ಲ, ನೆರೆಯವರಿಲ್ಲ. ನಾನು ಬೆರಳಿನ ಅಂಟನ್ನು ಪ್ಯಾಂಟಿಗೆ ಒರೆಸಿಕೊಂಡೆ.

‘ಕಳ್ ನನ್ಮಕ್ಳು ಭಾವ,’ ಅಂದೆ. ‘ಯಾರಿಗೂ ಗೊತ್ತಾಗೋ ಅಂಗಿರ್ಲಿಲ್ಲ.’