ಹೆಸರು ತಪ್ಪದ ಮೇಷ್ಟ್ರು

ಪ್ರೌಢಶಾಲೆಯ ಮಕ್ಕಳು ಅವರಿಗೆ ‘ಸರಿದೂಗು ಮೇಷ್ಟ್ರು’ ಎಂದು ಅಡ್ಡಹೆಸರಿಟ್ಟಿದ್ದರು; ರಸಾಯನಶಾಸ್ತ್ರದ ಸಮೀಕರಣ ಎರಡೂ ಕಡೆ ಸರಿದೂಗುವವರೆಗೆ, ಊಟದ ಗಂಟೆ ಹೊಡೆದರೂ, ಅವರು ಯಾರನ್ನೂ ಬೆಂಚು ಬಿಟ್ಟು ಏಳಗೊಡುತ್ತಿರಲಿಲ್ಲ. ಲೆಕ್ಕ ಹೊಂದಿಸುವ ಆತುರದಲ್ಲಿ ಯಾರಾದರೂ ನೀರಿನ ಸೂತ್ರದೊಳಗಿನ ಚಿಕ್ಕ ಅಂಕಿಗೆ ಕೈಹಚ್ಚಿದರೆ ಮುಗಿಯಿತು: “ಲೋ, ಮುಂದಿನ ಅಂಕಿ ಬದಲಾಯಿಸು ಅಂದ್ರೆ ನೀರನ್ನೇ ಬದಲಾಯಿಸ್ತೀಯಲ್ಲೋ! ಇದನ್ನ ಕುಡಿದ್ರೆ ಉಳೀತೀಯಾ?” ಹೆಸರಿನ ವಿಷಯದಲ್ಲಂತೂ ಹಿಡಿದ ಪಟ್ಟು ಬಿಟ್ಟವರಲ್ಲ. ಬರೀ ಐರನ್ ಕ್ಲೋರೈಡ್ ಎಂದವನಿಗೆ, “ಎರಡಿವೆಯಲ್ಲಯ್ಯಾ, ಫೆರಸ್ಸೋ ಫೆರಿಕ್ಕೋ? ಮನೆತನ ಹೇಳಿ ಆಸಾಮಿ ಹೆಸರು ನುಂಗಿದ್ರೆ ಹೇಗೆ?” ಎನ್ನುವರು. ಮನೆಯಲ್ಲೂ ಅದೇ ರಾಗ. “ಇವಳೇ, ಸೋಡಿಯಂ ಕ್ಲೋರೈಡ್ ಕಮ್ಮಿಯಾಗಿದೆ,” ಎಂದು ತಟ್ಟೆಯ ಮುಂದಿನಿಂದ ಕೂಗಿದರೆ, ಹೆಂಡತಿ ಉಪ್ಪಿನ ಡಬ್ಬಿ ತಂದು ಕುಕ್ಕುತ್ತಿದ್ದಳು. ಆಕೆ ಉಸಿರು ಸಿಗದೆ ಆಸ್ಪತ್ರೆ ಸೇರಿದ ದಿನವೂ ಮೇಷ್ಟ್ರು ಮೇಷ್ಟ್ರೇ. “ಗ್ಲೂಕೋಸ್ ಹಾಕ್ತೀನಿ,” ಎಂದ ನರ್ಸಿಗೆ, ಬಾಟಲಿಯ ಮೇಲಿನ ಚೀಟಿ ಓದಿ, “ಗ್ಲೂಕೋಸ್ ಅಲ್ಲಮ್ಮ, ಇದೂ ಸೋಡಿಯಂ ಕ್ಲೋರೈಡೇ,” ಎಂದು ತಿದ್ದಿದರು. “ಆಯ್ತು ಸಾರ್. ಪೇಷೆಂಟ್ ಹೆಸರು?” “ನಮ್ಮನೆಯವಳು.” “ಹೆಸರು ಕೇಳಿದ್ದು, ಸಾರ್.” ಪ್ರಯೋಗಶಾಲೆಯ ಪ್ರತಿ ಸೀಸೆಯ ಹೆಸರನ್ನೂ ಕಣ್ಣುಮುಚ್ಚಿ ಒಪ್ಪಿಸುವ ನಾಲಿಗೆ, ಮದುವೆಯಾದಂದಿನಿಂದ ‘ಇವಳೇ’ ಎಂದಷ್ಟೇ ಕರೆದು ಅಭ್ಯಾಸವಾದ ನಾಲಿಗೆ, ತಡಕಾಡಿತು. ಮಂಚದ ಮೇಲಿದ್ದವಳು ಸ್ವಲ್ಪ ಹೊತ್ತು ಗಂಡನ ಬಾಯನ್ನೇ ನೋಡಿದಳು. ಆಮೇಲೆ ಮುಖದ ಮೇಲಿನ ಆಕ್ಸಿಜನ್ ಮಾಸ್ಕನ್ನು ಕೈಯಾರೆ ಸರಿಸಿ, ನರ್ಸಿನ ಕಡೆ ತಿರುಗಿ, ತನ್ನ ಹೆಸರನ್ನು ತಾನೇ ಹೇಳಿಕೊಂಡಳು.