ಅಣಬೆ ಅತ್ತೆಯ ಒಂದು ಗಂಟೆ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಅಣಬೆ ಅತ್ತೆ ಎಂದೇ. ಅಣ್ಣನ ಮಗನಿಗೆ ಅವಳು ನಿಜವಾಗಿಯೂ ಅತ್ತೆ. ಉಳಿದವರಿಗೆಲ್ಲ ಅಣಬೆಯ ಕಡೆಯಿಂದ ಸಂಬಂಧ. ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೆದಕಿದರೆ, "ಯಾರೂ ಕೇಳಲಿಲ್ಲ, ನಾನೂ ಜ್ಞಾಪಿಸೋಕೆ ಹೋಗಲಿಲ್ಲ" ಎಂದು ನಕ್ಕುಬಿಡುವಳು. ಆ ನಗುವಿನ ಹಿಂದೆ ಏನಿದೆ ಎಂದು ನೋಡುವಷ್ಟು ಪುರುಸೊತ್ತು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮಳೆ ಹಿಡಿಯಿತೆಂದರೆ ಬುಟ್ಟಿ ಹಿಡಿದು ಊರ ಹಿಂದಿನ ಗುಡ್ಡ ಹತ್ತುವಳು. ಬೇರೆಯವರು ಅಣಬೆಯ ತಲೆ ನೋಡಿದರೆ ಇವಳು ಮಣ್ಣು ಕೆದಕಿ ಬುಡ ನೋಡುವಳು. ಸ್ವಲ್ಪ ಅನುಮಾನ ಬಂದರೂ ಅಲ್ಲೇ ಬಿಟ್ಟು ಮುಂದೆ ಹೋಗುವಳು. ತಂದದ್ದನ್ನು ನೀರಿಗೆ ಹಾಕದೆ ಬಟ್ಟೆಯಲ್ಲಿ ಒರೆಸಿ, ಉದ್ದುದ್ದ ಸೀಳಿ, ದಾರಕ್ಕೆ ಪೋಣಿಸಿ ಒಲೆಯ ಮೇಲಿನ ಹಗ್ಗಕ್ಕೆ ಕಟ್ಟುವಳು. ಒಂದನ್ನು ಬಗ್ಗಿಸಿ ನೋಡಿದಾಗ ಬಾಗಿದರೆ ಒಳಗಿನ್ನೂ ನೀರಿದೆ, ಟಕ್ಕೆಂದು ಮುರಿದರೆ ಡಬ್ಬಕ್ಕೆ ಯೋಗ್ಯ. ಡಬ್ಬದ ತಳಕ್ಕೆ ಹುರಿದ ಅಕ್ಕಿಯ ಪುಟ್ಟ ಗಂಟು, ತೇವ ಹೀರಲಿ ಎಂದು. ಅಡುಗೆಯ ದಿನ ಬೆಚ್ಚಗಿನ ನೀರಲ್ಲಿ ನೆನೆಸಿ, ಮರಳು ತಳದಲ್ಲೇ ಕೂರಲೆಂದು ಬಸಿಯದೆ ಕೈಯಿಂದಲೇ ಎತ್ತಿಕೊಳ್ಳುವಳು. ಆ ಕಂದು ನೀರನ್ನು ಸೋಸಿ, ಹುರಿದ ಈರುಳ್ಳಿ ಮೆಣಸಿನ ಜೊತೆ ಅದರಲ್ಲೇ ಅಣಬೆ ಬೇಯಿಸಿದರೆ ಘಮ ಬೀದಿಗೆ ಹೋಗುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೈ ಅವಳದು, ಬಾಯಿ ಮನೆಯವರದು.

ಮೊದಲ ತುತ್ತು ಮಾತ್ರ ಅವಳದೇ. ಅವಳಿಗೆ ಹದಿನೆಂಟು ತುಂಬಿದ್ದ ವರ್ಷ ಪಕ್ಕದ ಓಣಿಯಲ್ಲಿ ಕೆಟ್ಟ ಅಣಬೆ ತಿಂದು ಒಂದು ಮನೆಯೇ ಮಲಗಿಬಿಟ್ಟಿತ್ತು. ಅಂದು ಅಪ್ಪ ಕಟ್ಟಳೆ ಮಾಡಿದರು: ಹೊಸ ಡಬ್ಬ ತೆರೆದ ದಿನ ಒಬ್ಬರು ಮೊದಲು ತಿನ್ನಬೇಕು, ಒಂದು ಗಂಟೆ ಸುಮ್ಮನೆ ಕೂರಬೇಕು, ಏನೂ ಆಗದಿದ್ದರೆ ಉಳಿದವರು ತಿನ್ನಬೇಕು. ಯಾರು ಎಂದು ಅಪ್ಪ ಸುತ್ತ ನೋಡಿದರು. ಅಣ್ಣ ದುಡಿಯುವವನು. ಅತ್ತಿಗೆ ಬಸುರಿ. ಅಮ್ಮ ಮನೆ ನಡೆಸುವವಳು. ಆ ನೋಟ ಬಂದು ನಿಂತದ್ದು ಇವಳ ಮೇಲೆ. ಅಪ್ಪ ತನ್ನನ್ನೇ ಆರಿಸಿದರಲ್ಲ ಎಂದು ಹುಡುಗಿ ಆವತ್ತು ಹಿಗ್ಗಿದ್ದಳು. ಪೆದ್ದು.

ಅಪ್ಪ ಅಮ್ಮ ಹೋದರು, ಕಟ್ಟಳೆ ಉಳಿಯಿತು. ಅವಳಿಗೂ ಅದು ಬೇಡವಾಗಿರಲಿಲ್ಲ. ಏಳುತ್ತಲೇ ಪೊರಕೆ, ಆಮೇಲೆ ಪಾತ್ರೆ, ಬಟ್ಟೆ, ನಡುವೆ ಅತ್ತಿಗೆಯ ಕೂಗು. ಅತ್ತಿಗೆ ಕೆಟ್ಟವಳಲ್ಲ, ಆದರೆ ಕೂತವರನ್ನು ಕಂಡರೆ ಅವಳಿಗೆ ಆಗದು. ಅಣಬೆ ತಿಂದು ಸ್ಟೂಲಿನ ಮೇಲೆ ಕೂತ ಆ ಒಂದು ಗಂಟೆ ಮಾತ್ರ ಯಾರೂ ಕೆಲಸ ಹೇಳುತ್ತಿರಲಿಲ್ಲ. ಸಾಯಬಹುದಾದವಳಿಗೆ ಕಸ ಗುಡಿಸು ಅನ್ನುವುದು ಹೇಗೆ? ಅವಳು ಕಿಟಕಿಯಾಚೆ ನೋಡುತ್ತ, ಕಾಲು ಚಾಚಿ, ತನ್ನಷ್ಟಕ್ಕೆ ತಾನು ಇರುವಳು. ಎರಡು ದೊಡ್ಡ ಭರಣಿ ಸಾಕಾಗುವ ಕಡೆ ಸಾಲು ಸಾಲು ಚಿಕ್ಕ ಡಬ್ಬ ತುಂಬಿಸಿಡುತ್ತಿದ್ದದ್ದು ಅದಕ್ಕೇ. ಕೇಳಿದವರಿಗೆ "ದೊಡ್ಡದಾದ್ರೆ ತೇವ ಹಿಡಿಯುತ್ತೆ" ಅನ್ನುವಳು. ಅದೂ ಸುಳ್ಳಲ್ಲ. ಆದರೆ ಡಬ್ಬ ಹೆಚ್ಚಿದಷ್ಟೂ ಗಂಟೆ ಹೆಚ್ಚು.

ಒಮ್ಮೆ ಕೈ ಸುಟ್ಟುಕೊಂಡು ಆಸ್ಪತ್ರೆಗೆ ಹೋಗಿದ್ದಾಗ ಮುಲಾಮು ಹಚ್ಚುತ್ತಿದ್ದ ನರ್ಸು ಈ ಕತೆ ಕೇಳಿ ಹಣೆ ಚಚ್ಚಿಕೊಂಡಿದ್ದಳು. "ಒಂದು ಗಂಟೇಲಿ ಏನ್ರೀ ಗೊತ್ತಾಗುತ್ತೆ? ಕೊಲ್ಲೋ ಅಣಬೆ ಅರ್ಧ ದಿನ ಸುಮ್ನಿರುತ್ತೆ. ಅಷ್ಟರಲ್ಲಿ ಮನೆಯವರೆಲ್ಲ ತಿಂದು ಕೈ ತೊಳೆದಿರ್ತಾರೆ." ಅಣಬೆ ಅತ್ತೆ ಹೂಂ ಎಂದು ಮನೆಗೆ ಬಂದಳು. ಬಂದವಳು ಬಾಯಿ ಬಿಡಲಿಲ್ಲ. ಆರಿಸುವಾಗ ಮಾತ್ರ ಮೊದಲಿಗಿಂತ ಎರಡರಷ್ಟು ಹುಷಾರಾದಳು.

ಈ ವರ್ಷ ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿದಳು. ಬೇರೆ ಊರಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡವಳು. "ಗುಂಡಿ ಹಚ್ಚೋಕೆ, ಅಂಚು ಹೊಲಿಯೋಕೆ ಒಂದು ಕೈ ಬೇಕು ಕಣೇ. ಮಹಡಿ ಮೇಲೆ ರೂಮಿದೆ. ಸಂಜೆ ಆದ್ಮೇಲೆ ಬಾಗಿಲು ಹಾಕ್ಕೊಂಡ್ರೆ ನಿನ್ನನ್ನ ಕೇಳೋರಿಲ್ಲ." ಬಾಗಿಲು ಹಾಕಿಕೊಳ್ಳುವುದು! ಅಣಬೆ ಅತ್ತೆ ಕೂಡಲೇ ಒಪ್ಪಿದಳು. ಅಣ್ಣನ ಮಗನಿಗೆ ಮದುವೆಯಾಗಿ ಮನೆಗೆ ಹೊಸ ಸೊಸೆ ಬಂದಿದ್ದಳಲ್ಲ, ಅಣ್ಣನೂ ಅಷ್ಟೇನೂ ಅಡ್ಡಬರಲಿಲ್ಲ. ಹೊರಡುವ ಹಿಂದಿನ ದಿನ ಅತ್ತಿಗೆ, "ಹೋಗೋ ಮುಂಚೆ ಅಣಬೆ ಮಾಡಿಹಾಕು" ಎಂದಳು. ಹೊಸ ಡಬ್ಬ ತೆರೆದದ್ದಾಯಿತು.

ಮಧ್ಯಾಹ್ನ ಎಲ್ಲರೂ ಕೂತರು. ಅಣಬೆ ಅತ್ತೆ ಅಭ್ಯಾಸದಂತೆ ಸ್ಟೂಲಿನ ಕಡೆ ಹೊರಟಳು. ಅತ್ತಿಗೆ ತಡೆದಳು.

"ನಾಳೆಯಿಂದ ನೀನಿರಲ್ಲ. ಇವಳಿಗೂ ರೂಢಿ ಆಗ್ಲಿ." ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟಳು. "ತಿಂದು ಅಲ್ಲಿ ಕೂತ್ಕೋ ಮಗಳೇ, ಒಂದು ಗಂಟೆ ಅಷ್ಟೆ."

ಸೊಸೆ ಗಂಡನ ಮುಖ ನೋಡಿದಳು. ಅವನು ನೀರಿನ ಲೋಟ ನೋಡುತ್ತಿದ್ದ. ಮಾವನ ಮುಖ ನೋಡಿದಳು. ಆಮೇಲೆ ತುತ್ತು ಎತ್ತಿಕೊಂಡಳು.

ಅಣಬೆ ಅತ್ತೆ ಆ ತಟ್ಟೆಯನ್ನೇ ನೋಡಿದಳು. ಅಪ್ಪ ತನ್ನನ್ನು ಯಾಕೆ ಆರಿಸಿದರು ಎಂಬುದು ಇಷ್ಟು ವರ್ಷದ ಮೇಲೆ ಎದುರಿಗೇ ಬಂದು ನಿಂತಿತ್ತು: ಮನೆಯಲ್ಲಿ ಯಾರು ಹೋದರೆ ನಷ್ಟ ಕಡಿಮೆಯೋ ಅವರಿಗೆ ಮೊದಲ ತುತ್ತು. ಈ ಡಬ್ಬದ್ದು ತಾನೇ ಆರಿಸಿದ್ದು, ಹುಡುಗಿಗೆ ಏನೂ ಆಗದು. ಮುಂದಿನ ಮಳೆಗೆ ಗುಡ್ಡಕ್ಕೆ ಹೋಗುವವರು ಯಾರೋ, ಬುಟ್ಟಿಗೆ ಏನು ಬೀಳುತ್ತದೋ? ಆಗಲೂ ಇವಳು ಒಂದು ಗಂಟೆ ಕೂತು ನಗುತ್ತ ಎದ್ದರೆ ಇಡೀ ಮನೆ ನಂಬಿ ಉಣ್ಣುತ್ತದೆ. ನಿಜ ಹೇಳಿದರೆ ತನ್ನನ್ನು ಹೋಗಲು ಬಿಡುವುದಿಲ್ಲ, ಅದೂ ಗೊತ್ತು. ಅತ್ತ ದರಿ, ಇತ್ತ ಪುಲಿ. ಬೆಳಗಾದರೆ ಬಸ್ಸು.

"ತಿನ್ಬೇಡ, ಕೆಳಗಿಡು" ಎಂದಳು.

ನರ್ಸು ಹೇಳಿದ್ದನ್ನೆಲ್ಲ ಹೇಳಿದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹೇಳಿ ಮುಗಿಸಿದಾಗ ಸೊಸೆ ಅಳುತ್ತಿದ್ದಳು, ಅಣ್ಣ ಬೆವರುತ್ತಿದ್ದ.

"ಅಂದ್ರೆ ಇಷ್ಟು ವರ್ಷ ನಮ್ಮನ್ನ ಕಾಪಾಡಿದ್ದು ಆ ಸ್ಟೂಲಲ್ಲ" ಎಂದ ಅಣ್ಣ ನಿಧಾನವಾಗಿ. "ನಿನ್ನ ಕಣ್ಣು."

ಅಣ್ಣ ಅವಳನ್ನು ಮೆಚ್ಚಿ ಆಡಿದ ಮೊದಲ ಮಾತು ಅದು. ಆ ಮೆಚ್ಚುಗೆಯಿಂದ ತಪ್ಪಿಸಿಕೊಳ್ಳಲು ಅವಳು ಅವಸರದಲ್ಲಿ ಹೇಳಿದಳು:

"ಡಬ್ಬದಲ್ಲಿರೋದೆಲ್ಲ ಒಳ್ಳೇದೇ ಅಣ್ಣ. ಮುಗಿಯೋತನಕ ಭಯ ಇಲ್ಲ."

"ಮುಗಿದ ಮೇಲೆ?"

"ಇವಳಿಗೆ ಕಲಿಸ್ತೀನಿ."

"ಕಲಿಯೋವಾಗ ಒಂದು ತಪ್ಪಾದ್ರೆ?"

"ಹಾಗಾದ್ರೆ ಅಣಬೆ ತಿನ್ನೋದೇ ಬಿಟ್ಟುಬಿಡಿ."

ಎಲ್ಲರೂ ನಕ್ಕರು. ಅಳುತ್ತಿದ್ದ ಸೊಸೆಯೂ ನಕ್ಕಳು. ಅಣಬೆ ಅತ್ತೆ ತಮಾಷೆ ಮಾಡಿರಲಿಲ್ಲ.

ಅಣ್ಣ ಎದ್ದುಹೋಗಿ ಟೈಲರ್ ಗೆಳತಿಗೆ ತಾನೇ ಫೋನ್ ಮಾಡಿದ. ತುಂಬ ಮರ್ಯಾದೆಯಿಂದ ಮಾತಾಡಿದ. "ನಮ್ಮನೆ ದೇವರಿದ್ದ ಹಾಗೆ ಕಣಮ್ಮ ಇವಳು, ಹೇಗೆ ಕಳಿಸೋದು ಹೇಳು" ಎಂದದ್ದು ಅಡುಗೆಮನೆಗೆ ಕೇಳಿಸಿತು. ಅವಳು ಹೋಗಿ ಫೋನ್ ಕಿತ್ತುಕೊಳ್ಳಬಹುದಿತ್ತು. ಸೊಸೆ ಅವಳ ಸೆರಗು ಹಿಡಿದುಕೊಂಡು ಕೂತಿದ್ದಳು, ಪುಟ್ಟ ಮಗುವಿನ ಹಾಗೆ.

ಆಮೇಲೆ ಅತ್ತಿಗೆ ಎಲ್ಲರಿಗೂ ಒಟ್ಟಿಗೆ ಬಡಿಸಿದಳು. ಆ ಮನೆಯಲ್ಲಿ ಅಣಬೆಯನ್ನು ಬಿಸಿಬಿಸಿಯಾಗಿ ಎಲ್ಲರೂ ಜೊತೆಗೆ ಕೂತು ತಿಂದದ್ದು ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಎಷ್ಟು ಚೆನ್ನಾಗಿದೆ, ಎಷ್ಟು ಚೆನ್ನಾಗಿದೆ ಎಂದು ಹೊಗಳಿ ಹೊಗಳಿ ತಿಂದರು.

ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತ ಅತ್ತಿಗೆ ಗಡಿಯಾರ ನೋಡಿದಳು. "ಮುಂಚೆನೇ ಹೇಳಿದ್ರೆ ಏನಾಗ್ತಿತ್ತು? ಇಷ್ಟು ವರ್ಷ ಸುಮ್ನೆ ಅಷ್ಟೊಂದು ಹೊತ್ತು ವ್ಯರ್ಥ ಆಯ್ತು. ನೋಡು, ಇವತ್ತು ಒಂದು ಗಂಟೆ ಉಳೀತು. ಇದನ್ನ ಇನ್ನು ಎಲ್ಲ ಸೇರಿಸಿ ಎರಡು ಭರಣಿಗೆ ತುಂಬಿಬಿಡು, ಅಷ್ಟೊಂದು ಚಿಲ್ಲರೆ ಡಬ್ಬ ಯಾಕೆ? ಈಗ್ಲೇ ಶುರು ಮಾಡಿದ್ರೆ ಸಂಜೆಯೊಳಗೆ ಮುಗಿಯುತ್ತೆ."

ಅಣಬೆ ಅತ್ತೆ ಎದ್ದು ಮೊದಲ ಡಬ್ಬದ ಮುಚ್ಚಳ ತೆಗೆದಳು.