ನಡುಮನೆಯ ಬಂದರು

ನಮ್ಮಣ್ಣ ರೈಲ್ವೆಯಲ್ಲಿದ್ದ. ಹಾಗೆಂದರೆ ಸಾಕು, ಚಳ್ಳಕೆರೆಯ ನಮ್ಮ ಕೇರಿಯವರೆಲ್ಲ ಅವನು ಇಂಜಿನ್ ಓಡಿಸುತ್ತಾನೆಂದೇ ತಿಳಿಯುತ್ತಿದ್ದರು. ತಿದ್ದುತ್ತಿದ್ದವಳು ಅವ್ವನೇ. "ಎಲ್ಲಿ ಓಡಿಸ್ತಾನೆ? ಅದ್ಯಾವುದೋ ಬಂದರಿನಾಗೆ ಗೂಡ್ಸ್ ಡಬ್ಬಿಗಳನ್ನ ಹಿಂದಕ್ಕೂ ಮುಂದಕ್ಕೂ ತಳ್ತಾನೆ." ಅಣ್ಣ ನಕ್ಕುಬಿಡುತ್ತಿದ್ದ. ಆ ಮಾತು ಅವನಿಗೆ ನಾಟುತ್ತಿತ್ತೆಂದು ನನಗೆ ಗೊತ್ತಿತ್ತು. ಕರೆದುಕೊಂಡು ಹೋಗಿ ತೋರಿಸೋಣವೆಂದರೆ ಅವ್ವನಿಗೆ ಬಸ್ಸು ಹತ್ತಿದ ಕೂಡಲೇ ವಾಂತಿ.

ನಿವೃತ್ತನಾಗಿ ಬಂದವನೇ ನಡುಮನೆಯ ಹಳೇ ಮಂಚದ ಮೇಲೆ ಪ್ಲೈವುಡ್ ಹಾಸಿ ಬಂದರನ್ನೇ ಕಟ್ಟತೊಡಗಿದ. ಅವ್ವ ಒಂದು ಸಲ ತನ್ನ ಕೆಲಸ ನೋಡಬೇಕು, ಅಷ್ಟೇ ಅವನ ಆಸೆ. ಆಟದ ಇಂಜಿನ್ನು, ಡಬ್ಬಿಗಳು, ಹಳಿ ತರಿಸಿದ. ರಟ್ಟಿನಲ್ಲಿ ಗೋದಾಮು, ಒಂದು ಹಡಗು ಮಾಡಿದ. ಊದುಬತ್ತಿಯ ಕಡ್ಡಿಗಳಲ್ಲಿ ಕ್ರೇನ್ ಕಟ್ಟಿದ. ಎಂಥ ಕೈ ಅಂತೀರಿ, ಆ ಕ್ರೇನಿನ ಕೊಕ್ಕೆ ಮೇಲೆ ಕೆಳಗೆ ಆಡುತ್ತಿತ್ತು.

ನನ್ನನ್ನು ಕೊಟ್ಟಿರುವುದು ಮೊಳಕಾಲ್ಮೂರಿಗೆ. ಸಮುದ್ರಕ್ಕೆಂದು ನಮ್ಮ ಮಗ್ಗದಲ್ಲಿ ಉಳಿದ ನೀಲಿ ರೇಷ್ಮೆ ತುಂಡು ಒಯ್ದೆ. ದಡ ಕಟ್ಟುವ ಕೆಲಸವೂ ನನ್ನ ಪಾಲಿಗೆ ಬಂತು. ಇಳಿಜಾರು ಮಾಡಿ, ಕಲ್ಲು ಜೋಡಿಸಿ, ಒಂದು ತೂಬನ್ನೂ ಇಟ್ಟೆ. ಅಣ್ಣ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ತಂಗೀ, ಇದು ಕೆರೆ ಏರಿ. ಹಡಗು ಹತ್ರ ಹೆಂಗೆ ಬರ್ತೈತೆ? ದಡ ಗೋಡೆ ಥರ ನೆಟ್ಟಗಿರಬೇಕು."

"ನಾನೇನು ಸಮುದ್ರ ಕಂಡಿದ್ದೀನಾ? ನೀರು ಅಂದ್ರೆ ನಮಗೆ ಕೆರೆನೇ," ಎಂದು ಸಿಡುಕಿ, ಎಲ್ಲ ಕಿತ್ತು ಮತ್ತೆ ಕಟ್ಟಿದೆ.

ಅವ್ವ ಬಂದು ಕುಳಿತಳು. "ಆಚೆ ದಡ ಎಲ್ಲೈತೆ?" ಎಂದು ಕೇಳಿದಳು. ಕಾಣುವುದಿಲ್ಲವೆಂದರೆ ನಂಬಲಿಲ್ಲ.

ಅಣ್ಣ ಸ್ವಿಚ್ಚು ಅವಳ ಕೈಗಿಟ್ಟ. "ಆ ಕೆಂಪು ಡಬ್ಬೀನ ಹಡಗಿನ ಪಕ್ಕ ನಿಲ್ಲಿಸವ್ವ."

ಕೆಂಪು ಡಬ್ಬಿ ಸಾಲಿನ ಕೊನೆಯಲ್ಲಿ ಸಿಕ್ಕಿಕೊಂಡಿತ್ತು. ಎಳೆದರೆ ಎಲ್ಲವೂ ಬಂದವು. ತಳ್ಳಿದರೆ ಬೇರೆಯದೇ ಹೋಗಿ ಹಡಗಿನ ಮುಂದೆ ನಿಂತಿತು. ಅವ್ವ ಹಟ ಬಿಡಲಿಲ್ಲ. ಊಟದ ಹೊತ್ತು ಮೀರಿತು.

"ಅಷ್ಟರೊಳಗೆ ಹಡಗು ಹೊಂಟೋಗ್ತೈತೇನೋ?" ಎಂದಳು, ನಿಜಕ್ಕೂ ಗಾಬರಿಯಾಗಿ.

"ಇಲ್ಲವ್ವ. ಡಬ್ಬಿ ಬರೋ ತನಕ ನಿಂತಿರ್ತೈತೆ."

ಆಮೇಲೆ ಅಣ್ಣ ಸ್ವಿಚ್ಚು ಹಿಡಿದ. ಕೆಲವನ್ನು ಪಕ್ಕದ ಹಳಿಗೆ ಸರಿಸಿ, ಕೆಲವನ್ನು ಗೋದಾಮಿನ ಕಡೆ ಬಿಟ್ಟು, ಒಂದಿಷ್ಟೂ ಅವಸರವಿಲ್ಲದೆ ಕೆಂಪು ಡಬ್ಬಿಯೊಂದನ್ನೇ ತಂದು ಕ್ರೇನಿನ ಕೆಳಗೆ ನಿಲ್ಲಿಸಿದ. ಚಿಕ್ಕಂದಿನಲ್ಲಿ ಕುರಿ ಕಾಯ್ದ ಅವ್ವ, "ರೊಪ್ಪದಾಗಿಂದ ಒಂದೇ ಕುರಿ ಬಿಡಿಸಿದಂಗೆ," ಎಂದಳು. ಅಣ್ಣನ ಬಗ್ಗೆ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಮರುದಿನ ದೇವಸಮುದ್ರದಿಂದ ಚಿಕ್ಕಮ್ಮ ಬಂದಳು. ಮಂಚ ನೋಡಿ ಬಾಯಿ ಸುಮ್ಮನಿರಲಿಲ್ಲ. "ಏನಕ್ಕ, ನಿನ್ನ ಮಗ ಮನೆಗೆ ಬಂದ್ರೂ ಡಬ್ಬಿ ತಳ್ಳೋದು ಬಿಟ್ಟಿಲ್ವಾ?"

ಅಣ್ಣ ತಲೆ ತಗ್ಗಿಸಿ ಕ್ರೇನಿನ ದಾರ ಬಿಗಿಯುತ್ತಿದ್ದ.

"ತಳ್ಳೋದು ಅಂದ್ರೆ ಏನಂದ್ಕೊಂಡೆ?" ಎಂದಳು ಅವ್ವ. "ಹಡಗುಗಳೇ ನನ್ನ ಮಗನಿಗೆ ಕಾಯ್ಕೊಂಡು ನಿಂತಿರ್ತಿದ್ವು ಕಣೇ."